ಯುದ್ಧದ ನಂತರದ ಜರ್ಮನ್ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನ್ ಸಿನಿಮಾ ನೋಡಲು ಶುರು ಮಾಡಿದವರು ಸಾಮಾನ್ಯವಾಗಿ ಎರಡು ಮಾತು ಕೇಳುತ್ತಾರೆ. ಇದ್ಯಾಕೆ ಇಷ್ಟು ನಿಧಾನ? ಇವರ್ಯಾಕೆ ಯಾವಾಗಲೂ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ? ನನ್ನ ಪ್ರಕಾರ ಎರಡೂ ಒಂದೇ ಪ್ರಶ್ನೆ. ಒಂದು ಕಾಲದಲ್ಲಿ ಅತಿ ಚೆನ್ನಾಗಿ ಸುಳ್ಳು ಹೇಳಿದ್ದ ಕ್ಯಾಮೆರಾವನ್ನು ಮತ್ತೆ ಹೇಗೆ ನಂಬುವುದು ಅನ್ನೋದೇ ಆ ಪ್ರಶ್ನೆ. ಕೆಳಗಿನ ಉತ್ತರಗಳಲ್ಲಿ ಕೆಲವು ಉದ್ದ, ಕೆಲವು ಎರಡೇ ಸಾಲು.

"ಯುದ್ಧದ ನಂತರ" ಅಂದರೆ ಯಾವಾಗಿಂದ ಯಾವಾಗಿನವರೆಗೆ?

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಅಲ್ಲಿಂದ 1989ರ ನವೆಂಬರ್ 9ಕ್ಕೆ ಬರ್ಲಿನ್ ಗೋಡೆ ತೆರೆಯುವವರೆಗೆ ಅಂತ ಇಟ್ಟುಕೊಳ್ಳಿ. 1949ರಲ್ಲಿ ದೇಶ ಎರಡಾಯಿತು, ಸಿನಿಮಾ ಅದಕ್ಕೂ ಮುಂಚೆಯೇ ಎರಡಾಗಿತ್ತು. ಜರ್ಮನ್ ಸಿನಿಮಾ ಅಂತ ಹೇಳಿ ಬರೀ ಪಶ್ಚಿಮದ್ದನ್ನು ಮಾತಾಡಿ ಮುಗಿಸುವವರು ಜಾಸ್ತಿ. ಹಾಗೆ ಮಾಡಿದರೆ ಅರ್ಧ ಕಥೆ ಕೈ ತಪ್ಪುತ್ತದೆ.

ಯುದ್ಧ ಮುಗಿದಾಗ ಚಿತ್ರರಂಗದ ಕೈಯಲ್ಲಿ ಏನಿತ್ತು?

ಕೆಲಸ ಗೊತ್ತಿದ್ದ ಜನ ಇದ್ದರು, ಹೆಸರು ಕೆಟ್ಟಿತ್ತು. 1917ರಲ್ಲಿ ಶುರುವಾದ ಊಫಾ ಕಂಪನಿ ಒಂದು ಕಾಲಕ್ಕೆ ಹಾಲಿವುಡ್‌ಗೆ ಸೆಡ್ಡು ಹೊಡೆದಿತ್ತು. ಆಮೇಲೆ ಅದು ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್‌ನ ಹಿಡಿತಕ್ಕೆ ಬಂತು. ನಾಜಿಗಳ ಹನ್ನೆರಡು ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಕಥಾಚಿತ್ರಗಳು ಬಂದವು. ಅವುಗಳಲ್ಲಿ ಬಹುಪಾಲು ಹಾಡು, ಹಾಸ್ಯ, ಪ್ರೇಮದ ಸಿನಿಮಾಗಳೇ. ನೇರ ಪ್ರಚಾರದ್ದು ಕಡಿಮೆ. ಜನರನ್ನು ಖುಷಿಯಾಗಿಟ್ಟು ಬೇರೇನೂ ಯೋಚಿಸದ ಹಾಗೆ ನೋಡಿಕೊಳ್ಳುವುದೂ ಪ್ರಚಾರವೇ ಅಂತ ಗೋಬೆಲ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ದೊಡ್ಡ ಬಣ್ಣದ ಚಿತ್ರ 'ಕೋಲ್ಬೆರ್ಗ್' ಬಿಡುಗಡೆಯಾದದ್ದು 1945ರ ಜನವರಿ 30ರಂದು. ದೇಶ ಸೋಲುತ್ತಿದ್ದಾಗ ಸಾವಿರಾರು ಸೈನಿಕರನ್ನು ಕರೆಸಿ ಎಕ್ಸ್‌ಟ್ರಾಗಳಾಗಿ ನಿಲ್ಲಿಸಿದ್ದರು!

ಊಫಾದ ದೊಡ್ಡ ಸ್ಟುಡಿಯೋ ಇದ್ದದ್ದು ಬರ್ಲಿನ್ ಪಕ್ಕದ ಬಾಬೆಲ್ಸ್‌ಬೆರ್ಗ್‌ನಲ್ಲಿ. ಗೆದ್ದ ದೇಶಗಳು ಜರ್ಮನಿಯನ್ನು ಹಂಚಿಕೊಂಡಾಗ ಅದು ಸೋವಿಯತ್ ಭಾಗಕ್ಕೆ ಬಿತ್ತು. ಸೋವಿಯತ್ತರು ತಡ ಮಾಡಲಿಲ್ಲ. 1946ರ ಮೇ 17ರಂದು ಡೆಫಾ ಅನ್ನುವ ಹೊಸ ಕಂಪನಿ ಹುಟ್ಟಿತು. ಅಮೆರಿಕನ್ನರಿಗೆ ಅವಸರ ಇರಲಿಲ್ಲ. ಊಫಾದ ಹಾಗೆ ಎಲ್ಲವೂ ಒಂದೇ ಕೈಯಲ್ಲಿರುವ ಕಂಪನಿ ಮತ್ತೆ ತಲೆ ಎತ್ತಬಾರದು ಅಂತ ಚಿಲ್ಲರೆಯಾಗಿ ಲೈಸೆನ್ಸ್ ಕೊಟ್ಟರು. ಆಮದಿಗೆ ಮಿತಿ ಹಾಕಲು ಬಿಡಲಿಲ್ಲ, ಹಾಲಿವುಡ್ ಚಿತ್ರಗಳು ಧಾರಾಳವಾಗಿ ಬಂದು ಬಿದ್ದವು. ಪ್ರಜಾಪ್ರಭುತ್ವದ ಪಾಠವೂ ಆಯಿತು, ವ್ಯಾಪಾರವೂ ಆಯಿತು.

ಯುದ್ಧದ ನಂತರದ ಮೊದಲ ಜರ್ಮನ್ ಸಿನಿಮಾ ಯಾವುದು?

ವೋಲ್ಫ್‌ಗಾಂಗ್ ಸ್ಟೌಡ್ಟೆ ನಿರ್ದೇಶಿಸಿದ 'ಕೊಲೆಗಾರರು ನಮ್ಮ ನಡುವೆಯೇ ಇದ್ದಾರೆ'. 1946ರ ಅಕ್ಟೋಬರ್ 15ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ಹುಡುಗಿಯೊಬ್ಬಳು ತನ್ನ ಮನೆಗೆ ಮರಳುತ್ತಾಳೆ. ಅಲ್ಲಿ ಕುಡಿತಕ್ಕೆ ಬಿದ್ದ ಒಬ್ಬ ಡಾಕ್ಟರ್ ಇದ್ದಾನೆ. ಯುದ್ಧದಲ್ಲಿ ಅವನ ಮೇಲಧಿಕಾರಿ ಪೋಲೆಂಡ್‌ನ ಹಳ್ಳಿಯೊಂದರಲ್ಲಿ ಮಕ್ಕಳು ಮರಿ ಅನ್ನದೆ ಕೊಲ್ಲಿಸಿದ್ದ. ಆ ಮನುಷ್ಯ ಈಗ ಉಕ್ಕಿನ ಹೆಲ್ಮೆಟ್‌ಗಳನ್ನು ಬಡಿದು ಪಾತ್ರೆ ಮಾಡುವ ಫ್ಯಾಕ್ಟರಿ ನಡೆಸುತ್ತಾ ಹಾಯಾಗಿದ್ದಾನೆ.

ಸ್ಟೌಡ್ಟೆ ಮೊದಲು ಪಶ್ಚಿಮದ ಅಧಿಕಾರಿಗಳ ಬಳಿಯೇ ಹೋಗಿದ್ದರು, ಅವರು ಒಪ್ಪಲಿಲ್ಲ. ಸೋವಿಯತ್ ಅಧಿಕಾರಿ ಒಪ್ಪಿದ, ಆದರೆ ಕೊನೆಯನ್ನು ಬದಲಾಯಿಸಲು ಹೇಳಿದ. ಮೂಲದಲ್ಲಿ ಡಾಕ್ಟರ್ ಆ ಅಧಿಕಾರಿಯನ್ನು ಕೊಂದೇಬಿಡುತ್ತಾನೆ. ಜನ ಇದನ್ನು ನೋಡಿ ಬೀದಿಯಲ್ಲಿ ಸೇಡು ತೀರಿಸಿಕೊಳ್ಳಲು ಹೊರಟರೆ ಗತಿ ಏನು ಅಂತ ಭಯ. ಹಾಗಾಗಿ ಈಗಿರುವ ಚಿತ್ರದಲ್ಲಿ ಹುಡುಗಿ ಅವನ ಕೈ ತಡೆಯುತ್ತಾಳೆ, ತೀರ್ಪು ನ್ಯಾಯಾಲಯಕ್ಕೆ ಬಿಡಬೇಕು ಅನ್ನುತ್ತಾಳೆ.

ಇದು ಮತ್ತು ಇದರ ಬೆನ್ನಿಗೆ ಬಂದ ಚಿತ್ರಗಳನ್ನು ಅವಶೇಷಗಳ ಸಿನಿಮಾ ಅನ್ನುತ್ತಾರೆ. ಸೆಟ್ ಹಾಕಬೇಕಾಗಿಯೇ ಇರಲಿಲ್ಲ, ಬರ್ಲಿನ್ ಪೂರ್ತಿ ಬಿದ್ದಿತ್ತು. ಒಂದು ಸೂಕ್ಷ್ಮ ಗಮನಿಸಿ. ಆ ವಾರೆ ನೆರಳು, ಓರೆ ಕೋನ, ಮುರಿದ ಗಾಜಿನಾಚೆ ಕಾಣುವ ಮುಖ, ಇವೆಲ್ಲ 1920ರ ದಶಕದ ಜರ್ಮನ್ ಸಿನಿಮಾದಿಂದ ಬಂದವು. ನಡುವಿನ ಹನ್ನೆರಡು ವರ್ಷ ಇರಲೇ ಇಲ್ಲ ಅನ್ನೋ ಹಾಗೆ ಕ್ಯಾಮೆರಾ ಹಿಂದಕ್ಕೆ ಜಿಗಿಯುತ್ತದೆ. ಸ್ಟೌಡ್ಟೆ ಸ್ವತಃ 1940ರ ಯಹೂದಿ ದ್ವೇಷದ ಚಿತ್ರ 'ಯೂದ್ ಝ್ಯೂಸ್'ನಲ್ಲಿ ಸಣ್ಣ ಪಾತ್ರ ಮಾಡಿದ್ದವರು. "ನಮ್ಮ ನಡುವೆ" ಅನ್ನುವ ಮಾತಿಗೆ ಎರಡು ಅಲಗು.

ನಾಜಿ ಕಾಲದ ನಿರ್ದೇಶಕರಿಗೆ ಶಿಕ್ಷೆ ಆಯಿತಾ?

ಆಗಲಿಲ್ಲ ಅಂತಲೇ ಹೇಳಬೇಕು. 'ಯೂದ್ ಝ್ಯೂಸ್' ನಿರ್ದೇಶಕ ಫೈಟ್ ಹಾರ್ಲಾನ್ ಮೇಲೆ ಹ್ಯಾಂಬರ್ಗ್‌ನಲ್ಲಿ ಮೊಕದ್ದಮೆ ನಡೆಯಿತು. 1949ರಲ್ಲಿ ಖುಲಾಸೆ, 1950ರಲ್ಲಿ ಮತ್ತೆ ಖುಲಾಸೆ. ಅವನು ಮತ್ತೆ ಸಿನಿಮಾ ಮಾಡಲು ಹೊರಟ. ಆಗ ಎರಿಕ್ ಲ್ಯೂಟ್ ಅನ್ನುವ ಹ್ಯಾಂಬರ್ಗ್‌ನ ಅಧಿಕಾರಿ ಅವನ ಚಿತ್ರಗಳನ್ನು ಯಾರೂ ನೋಡಬೇಡಿ ಅಂತ ಕರೆ ಕೊಟ್ಟರು. ನಿರ್ಮಾಪಕರು ಲ್ಯೂಟ್ ಮೇಲೆಯೇ ಕೇಸು ಹಾಕಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು. 1958ರಲ್ಲಿ ಸಂವಿಧಾನ ನ್ಯಾಯಾಲಯ ಲ್ಯೂಟ್ ಪರ ನಿಂತಿತು. ಜರ್ಮನಿಯಲ್ಲಿ ಮಾತಿನ ಸ್ವಾತಂತ್ರ್ಯ ಅಂದರೆ ಕಾನೂನು ವಿದ್ಯಾರ್ಥಿಗಳು ಮೊದಲು ಓದುವುದು ಇವತ್ತಿಗೂ ಇದೇ ತೀರ್ಪನ್ನು. ಒಂದು ಕೆಟ್ಟ ಸಿನಿಮಾದಿಂದ ಒಂದು ಒಳ್ಳೆ ತೀರ್ಪು ಹುಟ್ಟಿತು ಅನ್ನಬಹುದು.

ಇದರ ತಿರುಗುಮುರುಗು ಕಥೆ ಪೀಟರ್ ಲೋರೆಯದು. ನಾಜಿಗಳಿಂದ ತಪ್ಪಿಸಿಕೊಂಡು ಹಾಲಿವುಡ್‌ಗೆ ಹೋಗಿದ್ದ ನಟ. ವಾಪಸ್ ಬಂದು 1951ರಲ್ಲಿ 'ಕಳೆದುಹೋದವ' ಅನ್ನುವ ಚಿತ್ರ ಮಾಡಿದ. ಜನ ಬರಲಿಲ್ಲ. ಅವನು ಅಮೆರಿಕಕ್ಕೆ ಮರಳಿದ, ಮತ್ತೆ ಯಾವತ್ತೂ ನಿರ್ದೇಶನ ಮಾಡಲಿಲ್ಲ. ಓಡಿಹೋಗಿದ್ದವರು ವಾಪಸ್ ಬಂದರೆ ಕುರ್ಚಿ ಇರಲಿಲ್ಲ, ಉಳಿದಿದ್ದವರು ಕುರ್ಚಿ ಬಿಟ್ಟಿರಲಿಲ್ಲ.

1950ರ ದಶಕದ 'ಹೈಮಾಟ್' ಸಿನಿಮಾ ಅಂದರೆ ಏನು? ಅದನ್ನು ಯಾಕೆ ಎಲ್ಲರೂ ಹೀಗಳೆಯುತ್ತಾರೆ?

ಹೈಮಾಟ್ ಅಂದರೆ ಹುಟ್ಟೂರು, ತವರು, ನಮ್ಮ ಮಣ್ಣು, ಎಲ್ಲ ಸೇರಿದ ಒಂದು ಮಾತು. ಹಸಿರು ಗುಡ್ಡ, ಜಿಂಕೆ, ಅರಣ್ಯ ಅಧಿಕಾರಿ, ಜಾತ್ರೆ, ಹಾಡು. 'ಕಪ್ಪುಕಾಡಿನ ಹುಡುಗಿ' 1950ರಲ್ಲಿ, 'ಬಯಲು ಹಸಿರಾಗಿದೆ' 1951ರಲ್ಲಿ ಬಂದವು. ಎರಡೂ ಭರ್ಜರಿ ಓಡಿದವು, ಎರಡೂ ಹಾನ್ಸ್ ಡೆಪ್ಪೆಯದು. ಬಿದ್ದ ಊರುಗಳಲ್ಲಿ ಬದುಕುತ್ತಿದ್ದವರಿಗೆ ಬಾಂಬ್ ಬೀಳದ ಜಾಗ ಬೇಕಿತ್ತು.

ಹೀಗಳೆಯುವವರು ಅವನ್ನು ಸರಿಯಾಗಿ ನೋಡಿಲ್ಲ ಅನ್ನಿಸುತ್ತದೆ. 'ಬಯಲು ಹಸಿರಾಗಿದೆ' ಚಿತ್ರದಲ್ಲಿ ಕದ್ದು ಬೇಟೆಯಾಡುವವ ಯಾರು? ಪೂರ್ವದ ತನ್ನ ಜಮೀನು, ಮನೆ ಎಲ್ಲ ಕಳೆದುಕೊಂಡು ಬಂದ ಜಮೀನುದಾರ. ಯುದ್ಧದ ನಂತರ ಪೂರ್ವ ಯುರೋಪಿನಿಂದ ಸುಮಾರು 1.2 ಕೋಟಿ ಜರ್ಮನ್ನರು ಹೊರದಬ್ಬಿಸಿಕೊಂಡು ಬಂದಿದ್ದರು. ಥಿಯೇಟರಿನಲ್ಲಿ ಅತ್ತವರಲ್ಲಿ ಅವರೂ ಇದ್ದರು. ತಾವು ಕಳೆದುಕೊಂಡದ್ದಕ್ಕೆ ಅಳಲು ಈ ಚಿತ್ರಗಳು ಜಾಗ ಕೊಟ್ಟವು. ತಾವು ಬೇರೆಯವರಿಂದ ಕಿತ್ತುಕೊಂಡದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ತಕರಾರು ಅಷ್ಟೇ, ಜಿಂಕೆ ಮೇಲೆ ಏನೂ ಇಲ್ಲ.

ಪಶ್ಚಿಮ ಜರ್ಮನಿಯಲ್ಲಿ ಸೆನ್ಸಾರ್ ಇತ್ತಾ?

ಸಂವಿಧಾನದಲ್ಲಿ ಇಲ್ಲ ಅಂತ ಬರೆದಿತ್ತು. ಬದಲಿಗೆ 1949ರಲ್ಲಿ ಚಿತ್ರೋದ್ಯಮವೇ ವೀಸ್‌ಬಾಡೆನ್‌ನಲ್ಲಿ ಸ್ವಯಂ ನಿಯಂತ್ರಣ ಮಂಡಳಿ ಮಾಡಿಕೊಂಡಿತು. 1951ರಲ್ಲಿ 'ಪಾಪಿ' ಅನ್ನುವ ಚಿತ್ರ ಬಂತು. ಹಿಲ್ಡೆಗಾರ್ಡ್ ಕ್ನೆಫ್ ಒಂದೇ ಒಂದು ಗಳಿಗೆ ಬೆತ್ತಲಾಗಿ ಕಾಣುತ್ತಾರೆ. ಪಾದ್ರಿಗಳು ಬೀದಿಗೆ ಇಳಿದರು. ಐದು ವರ್ಷದ ಹಿಂದೆ ಇದೇ ನಟಿ ಶಿಬಿರದಿಂದ ಬದುಕಿ ಬಂದ ಹುಡುಗಿಯ ಪಾತ್ರ ಮಾಡಿದಾಗ ಯಾರಿಗೂ ಹೀಗೆ ಮೈ ಉರಿದಿರಲಿಲ್ಲ. 1954ರಲ್ಲಿ ಆಡಳಿತ ನ್ಯಾಯಾಲಯ ಸಿನಿಮಾ ಕೂಡ ಕಲೆಯೇ, ಅದಕ್ಕೂ ಕಲೆಯ ಸ್ವಾತಂತ್ರ್ಯ ಇದೆ ಅಂತ ತೀರ್ಪು ಕೊಟ್ಟಿತು.

ಕಮ್ಯುನಿಸ್ಟ್ ದೇಶಗಳ ಚಿತ್ರಗಳನ್ನು ಸೋಸಲು ಪಶ್ಚಿಮದ ರಾಜಧಾನಿ ಬಾನ್‌ನಲ್ಲಿ ಸಚಿವಾಲಯಗಳ ಒಂದು ಸಮಿತಿ ಇತ್ತು. ಕದ ಮುಚ್ಚಿಕೊಂಡು ಕೂರುತ್ತಿತ್ತು, 1960ರ ದಶಕದ ನಡುವಿನವರೆಗೂ ಕೆಲಸ ಮಾಡಿತು. ಸ್ಟೌಡ್ಟೆ 1951ರಲ್ಲಿ ಡೆಫಾಗೆ ಮಾಡಿದ 'ಆಳು' ಚಿತ್ರ ಪಶ್ಚಿಮಕ್ಕೆ ಬಂದದ್ದು 1957ರಲ್ಲಿ, ಅದೂ ಕತ್ತರಿ ಹಾಕಿಸಿಕೊಂಡು. ಅಧಿಕಾರಕ್ಕೆ ಬಗ್ಗಿ ಕೆಳಗಿನವರನ್ನು ತುಳಿಯುವ ಜರ್ಮನ್ ಸ್ವಭಾವದ ಮೇಲಿನ ವ್ಯಂಗ್ಯ ಅದು.

ಮಜಾ ಇರುವುದು ಡಬ್ಬಿಂಗ್‌ನಲ್ಲಿ. ಹಾಲಿವುಡ್ ಚಿತ್ರ 'ಕಾಸಾಬ್ಲಾಂಕಾ' 1952ರಲ್ಲಿ ಪಶ್ಚಿಮ ಜರ್ಮನಿಗೆ ಬಂದಾಗ ಅದರಲ್ಲಿ ನಾಜಿಗಳೇ ಇರಲಿಲ್ಲ! ನಾಜಿ ಅಧಿಕಾರಿ ಮೇಜರ್ ಸ್ಟ್ರಾಸರ್‌ನ ದೃಶ್ಯಗಳನ್ನೆಲ್ಲ ಕತ್ತರಿಸಿ, ಹೋರಾಟಗಾರ ಲಾಸ್ಲೋನನ್ನು ನಾರ್ವೆಯ ವಿಜ್ಞಾನಿ ಮಾಡಿದ್ದರು. ಪೂರ್ತಿ ಚಿತ್ರ ಜರ್ಮನ್‌ನಲ್ಲಿ ಬಂದದ್ದು 1975ರಲ್ಲಿ. ಹಿಚ್‌ಕಾಕ್‌ನ 'ನಟೋರಿಯಸ್' ಚಿತ್ರಕ್ಕೂ ಅದೇ ಗತಿ. ನಾಜಿಗಳು ಮಾದಕ ವಸ್ತು ಸಾಗಿಸುವವರಾದರು, ಚಿತ್ರದ ಹೆಸರು 'ಬಿಳಿ ವಿಷ' ಆಯಿತು. ಡಬ್ಬಿಂಗ್ ಕಲಾವಿದರು ಎಷ್ಟು ಕಷ್ಟಪಟ್ಟು ತುಟಿ ಹೊಂದಿಸಿದ್ದಾರೋ!

ಓಬರ್‌ಹೌಸನ್ ಪ್ರಣಾಳಿಕೆ ಅಂದರೆ ಏನು?

1962ರ ಫೆಬ್ರವರಿ 28ರಂದು ಓಬರ್‌ಹೌಸನ್ ಕಿರುಚಿತ್ರೋತ್ಸವದಲ್ಲಿ 26 ಯುವಕರು ಸಹಿ ಹಾಕಿದ ಒಂದು ಪುಟದ ಹೇಳಿಕೆ. ಹಳೆ ಸಿನಿಮಾ ಸತ್ತಿದೆ, ನಮಗೆ ಹೊಸದರ ಮೇಲೆ ನಂಬಿಕೆ ಇದೆ ಅಂತ ಅದು ಮುಗಿಯುತ್ತದೆ. ಅಲೆಕ್ಸಾಂಡರ್ ಕ್ಲೂಗೆ, ಎಡ್ಗರ್ ರೈಟ್ಸ್ ಅವರಲ್ಲಿದ್ದರು. ಎಲ್ಲರೂ ಗಂಡಸರೇ. ಫಾಸ್‌ಬಿಂಡರ್, ವೆಂಡರ್ಸ್, ಹೆರ್ಜೋಗ್ ಅನ್ನುವ, ಮುಂದೆ ದೊಡ್ಡ ಹೆಸರಾದ ನಿರ್ದೇಶಕರು ಕೂಡ ಸಹಿ ಹಾಕಿದ್ದರು ಅಂತ ಬಹಳ ಜನ ತಿಳಿದಿದ್ದಾರೆ. ಹಾಕಿರಲಿಲ್ಲ. ಫಾಸ್‌ಬಿಂಡರ್‌ಗೆ ಆಗ ಇನ್ನೂ ಹದಿನಾರು ವರ್ಷ.

ಗಳಿಗೆ ಸರಿಯಾಗಿತ್ತು. 1956ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಸುಮಾರು 81 ಕೋಟಿ ಟಿಕೆಟ್ ಮಾರಾಟವಾಗಿದ್ದವು. ಟಿವಿ ಬಂದ ಮೇಲೆ ಅದು ಕುಸಿಯುತ್ತಾ ಹೋಗಿ 1960ರ ದಶಕದ ಕೊನೆಗೆ ಕಾಲು ಭಾಗಕ್ಕೂ ಕಡಿಮೆಯಾಯಿತು. 1961ರಲ್ಲಿ ಅತ್ಯುತ್ತಮ ಚಿತ್ರದ ರಾಷ್ಟ್ರೀಯ ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ. ಕೊಡುವಂಥದ್ದು ಸಿಗಲಿಲ್ಲವಂತೆ.

ಸರ್ಕಾರವನ್ನು ಬೈಯುವ ಸಿನಿಮಾಗೆ ಸರ್ಕಾರವೇ ಯಾಕೆ ದುಡ್ಡು ಕೊಟ್ಟಿತು?

ಇದು ಎಲ್ಲರೂ ಕೇಳಬೇಕಾದ ಪ್ರಶ್ನೆ. ಓಬರ್‌ಹೌಸನ್ ಹುಡುಗರು ಕವಿಗಳ ಹಾಗೆ ಮಾತಾಡಿದರೂ ಲೆಕ್ಕದಲ್ಲಿ ಚುರುಕಾಗಿದ್ದರು. ಕ್ಲೂಗೆ ಓದಿದ್ದು ಕಾನೂನು. ಅವರ ಒತ್ತಾಯದಿಂದ 1965ರಲ್ಲಿ ಯುವ ಚಿತ್ರನಿಧಿ ಶುರುವಾಯಿತು. ಮೊದಲ ಸಿನಿಮಾ ಮಾಡುವವರಿಗೆ ಬಡ್ಡಿ ಇಲ್ಲದ ಸಾಲ. ಕ್ಲೂಗೆಯ 'ನಿನ್ನೆಗೆ ವಿದಾಯ' ಬಂದದ್ದು ಅದರಿಂದಲೇ, 1966ರಲ್ಲಿ.

ಹಳೆಯ ನಿರ್ಮಾಪಕರು ಸುಮ್ನೆ ಕೂರುತ್ತಾರಾ? 1967ರ ಕೊನೆಯಲ್ಲಿ ಹೊಸ ಕಾನೂನು ತರಿಸಿದರು. ಪ್ರತಿ ಟಿಕೆಟ್ ಮೇಲೆ 10 ಫೆನಿಗ್ ವಸೂಲಿ. ಆ ದುಡ್ಡು ಯಾರಿಗೆ? ಹಿಂದಿನ ಚಿತ್ರ ಚೆನ್ನಾಗಿ ಓಡಿಸಿದವರಿಗೆ. ಗುಣದ ಮಾತೇ ಇಲ್ಲ. ಪರಿಣಾಮವಾಗಿ 1970ರ ಸುಮಾರಿಗೆ ಶಾಲಾ ಹುಡುಗಿಯರ ಹೆಸರಿನ ನೀಲಿ ಚಿತ್ರಗಳ ಸರಣಿಗಳು ಸಾಲುಗಟ್ಟಿದವು. ಕಾನೂನೇ ಸಾಕಿದ ಕೂಸು ಅದು.

ಕೊನೆಗೆ ಕೈ ಹಿಡಿದದ್ದು ಶತ್ರು ಅಂದುಕೊಂಡಿದ್ದ ಟಿವಿ. 1974ರ ಒಪ್ಪಂದದಂತೆ ಎರಡು ಸಾರ್ವಜನಿಕ ಚಾನೆಲ್‌ಗಳು ಸಿನಿಮಾಗೆ ಬಂಡವಾಳ ಹಾಕಿ, ಥಿಯೇಟರಿನಲ್ಲಿ ಓಡಿದ ಮೇಲೆ ಪ್ರಸಾರ ಮಾಡತೊಡಗಿದವು. ಫಾಸ್‌ಬಿಂಡರ್, ವೆಂಡರ್ಸ್ ಚಿತ್ರಗಳ ಹಿಂದೆ ಈ ದುಡ್ಡು ಇದೆ. ಗಲ್ಲಾಪೆಟ್ಟಿಗೆಯ ಹೆದರಿಕೆ ಇಲ್ಲದೆ ಸಿನಿಮಾ ಮಾಡಬಹುದಾಗಿತ್ತು. ಆದರೆ ತಮ್ಮ ದೇಶದ ಪ್ರೇಕ್ಷಕರೇ ಬಾರದಿದ್ದರೂ ನಡೆಯುತ್ತದೆ ಅನ್ನುವ ಅಭ್ಯಾಸವೂ ಅದರಿಂದಲೇ ಬಂತು. ಪ್ಯಾರಿಸ್, ನ್ಯೂಯಾರ್ಕ್‌ನಲ್ಲಿ ಹೊಗಳಿದರು, ಮ್ಯೂನಿಕ್‌ನಲ್ಲಿ ಸೀಟು ಖಾಲಿ. ವಿದೇಶದಲ್ಲಿ ಈ ಚಿತ್ರಗಳನ್ನು ಹೊತ್ತು ತಿರುಗಿದ್ದು ಜರ್ಮನ್ ಸಂಸ್ಕೃತಿಯನ್ನು ಹೊರದೇಶಗಳಿಗೆ ಪರಿಚಯಿಸುವ ಗಯಟೆ ಸಂಸ್ಥೆ. ನೋಡಿ, ನಾವು ಬದಲಾಗಿದ್ದೇವೆ, ನಮ್ಮನ್ನು ಬೈಯುವವರನ್ನೂ ಸಾಕುತ್ತೇವೆ ಅಂತ ತೋರಿಸುವುದು ಬಾನ್ ಸರ್ಕಾರಕ್ಕೂ ಬೇಕಾಗಿತ್ತು.

ಈ ಸಿನಿಮಾಗಳು ಯಾಕೆ ಇಷ್ಟು ನಿಧಾನ, ಇಷ್ಟು ಶುಷ್ಕ?

ಕೆಲವು ನಿಜಕ್ಕೂ ಬೋರ್. ಅದನ್ನು ಒಪ್ಪಿಕೊಂಡೇ ಮಾತಾಡೋಣ. ಝೂಬರ್‌ಬೆರ್ಗ್‌ನ ಏಳು ಗಂಟೆಯ ಹಿಟ್ಲರ್ ಚಿತ್ರದ ಮುಂದೆ ನಾನು ನಿದ್ದೆ ಹೋಗಿದ್ದೇನೆ, ನಾಚಿಕೆ ಏನಿಲ್ಲ.

ಆದರೆ ಒಂದು ವಿಷಯ ಯೋಚಿಸಿ. ಭವ್ಯವಾದ ದೃಶ್ಯ, ಮೈ ನವಿರೇಳಿಸುವ ಸಂಗೀತ, ಒಂದೇ ತಾಳಕ್ಕೆ ಹೆಜ್ಜೆ ಹಾಕುವ ಜನ. ಇವನ್ನೆಲ್ಲ ಜರ್ಮನ್ ಸಿನಿಮಾ ಯಾರಿಗಾಗಿ, ಎಷ್ಟು ಚೆನ್ನಾಗಿ ಮಾಡಿತ್ತು ಅಂತ ಈ ಹುಡುಗರಿಗೆ ಗೊತ್ತಿತ್ತು. ಪ್ರೇಕ್ಷಕನನ್ನು ಕೊಚ್ಚಿಕೊಂಡು ಹೋಗುವ ಸಿನಿಮಾ ಅಂದರೇ ಅವರಿಗೆ ಅನುಮಾನ. ಆದ್ದರಿಂದ ಪ್ರತಿಯೊಬ್ಬರೂ ಕೊಚ್ಚಿಹೋಗದ ಹಾಗೆ ತಡೆಯುವ ಒಂದೊಂದು ದಾರಿ ಹುಡುಕಿಕೊಂಡರು.

ಕ್ಲೂಗೆಯದು ತುಂಡರಿಸುವ ದಾರಿ. 'ನಿನ್ನೆಗೆ ವಿದಾಯ' ಚಿತ್ರದ ಅನಿತಾ ಯಹೂದಿ ಹುಡುಗಿ, ಪೂರ್ವದಿಂದ ಪಶ್ಚಿಮಕ್ಕೆ ಬಂದವಳು. ಸ್ವೆಟರ್ ಕದ್ದು ಸಿಕ್ಕಿಬೀಳುತ್ತಾಳೆ. ನ್ಯಾಯಾಧೀಶ ಅವಳ ಬಾಲ್ಯದ ಕಥೆಯನ್ನು ಕೇಳಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅನ್ನುವ ಹಾಗೆ ಪಕ್ಕಕ್ಕಿಡುತ್ತಾನೆ. ಕಥೆಯ ನಡುವೆ ಬರಹದ ಫಲಕ, ಮಕ್ಕಳ ಪುಸ್ತಕದ ಚಿತ್ರ, ಎಲ್ಲಿಂದಲೋ ತಂದ ತುಣುಕು ಬರುತ್ತವೆ. ಮೊದಲ ಫಲಕದ ಮಾತು ಹೀಗಿದೆ: ನಿನ್ನೆಯಿಂದ ನಮ್ಮನ್ನು ಬೇರೆ ಮಾಡುವುದು ಕಂದಕವಲ್ಲ, ಬದಲಾದ ಪರಿಸ್ಥಿತಿ. ಇಡೀ ದಶಕವೇ ಈ ಒಂದು ಸಾಲಿನಲ್ಲಿದೆ ಅನ್ನಿಸುತ್ತದೆ ನನಗೆ.

ಸ್ಟ್ರೌಬ್ ಮತ್ತು ಯುಯಿಯೆ ದಂಪತಿ ಇನ್ನೂ ಕಠಿಣ. ಇಬ್ಬರೂ ಫ್ರಾನ್ಸಿನವರು. ಸ್ಟ್ರೌಬ್ ಅಲ್ಜೀರಿಯಾ ಯುದ್ಧಕ್ಕೆ ಹೋಗಲು ಒಪ್ಪದೆ ಜರ್ಮನಿಗೆ ಬಂದವರು. ಹೈನ್ರಿಕ್ ಬೋಲ್ ಕಾದಂಬರಿ ಆಧರಿಸಿದ ಅವರ 1965ರ 'ರಾಜಿಯಾಗದವರು' ಒಂದು ಗಂಟೆಯೂ ಇಲ್ಲ. ನಟರು ಮಾತನ್ನು ಭಾವ ಹಾಕದೆ, ಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ. ಮೂರು ತಲೆಮಾರಿನ ಕಾಲ ಒಂದರೊಳಗೊಂದು ಬರುತ್ತದೆ, ಯಾವುದು ಯಾವಾಗ ಅಂತ ಹೇಳುವುದಿಲ್ಲ. ಗೊಂದಲ ಆಗುತ್ತದೆ. ಮುಗಿಯಿತು ಅಂದುಕೊಂಡ ಕಾಲ ಮುಗಿದಿಲ್ಲ ಅನ್ನುವುದೇ ಅವರ ಮಾತು.

ವೆಂಡರ್ಸ್‌ಗೆ ಇದ್ದ ಸಂಕಟ ಬೇರೆ. ಅಪ್ಪಂದಿರ ಹಾಡು ಬೇಡ ಅಂತ ಬಿಟ್ಟ ಹುಡುಗನಿಗೆ ಸಿಕ್ಕಿದ್ದು ಅಮೆರಿಕದ ರಾಕ್ ಸಂಗೀತ, ಅಮೆರಿಕದ ರಸ್ತೆ. 1976ರ 'ಕಾಲದ ಹರಿವಿನಲ್ಲಿ' ಚಿತ್ರದಲ್ಲಿ ಇಬ್ಬರು ಗಂಡಸರು ಪೂರ್ವ ಪಶ್ಚಿಮದ ಗಡಿಯುದ್ದಕ್ಕೂ ಲಾರಿಯಲ್ಲಿ ಹೋಗುತ್ತಾರೆ. ಒಬ್ಬ ಸಣ್ಣ ಊರುಗಳ ಟಾಕೀಸಿನ ಪ್ರೊಜೆಕ್ಟರ್ ರಿಪೇರಿ ಮಾಡುವವನು. ಅಮೆರಿಕನ್ನರು ನಮ್ಮ ಒಳಮನಸ್ಸನ್ನೇ ವಸಾಹತು ಮಾಡಿಕೊಂಡಿದ್ದಾರೆ ಅನ್ನುವ ಮಾತು ಬರುವುದು ಇಲ್ಲೇ. ಹಾಗೆ ಹೇಳುವವನ ಬಾಯಲ್ಲಿ ಗುನುಗುವುದೂ ಇಂಗ್ಲಿಷ್ ಹಾಡು. ಸುಮಾರು ಮೂರು ಗಂಟೆ, ಕಪ್ಪು ಬಿಳುಪು, ಹೆಚ್ಚೇನೂ ನಡೆಯುವುದಿಲ್ಲ. ಮುಚ್ಚುತ್ತಿರುವ ಟಾಕೀಸುಗಳನ್ನು ಕಂಡವರಿಗೆ ಕರುಳು ಚುರುಕ್ ಅನ್ನುತ್ತದೆ.

ಹೆರ್ಜೋಗ್ ಈ ಗುಂಪಿನಲ್ಲಿ ಇದ್ದೂ ಇಲ್ಲದವರು. ರಾಜಕೀಯದ ಮಾತಿಗೆ ಸಿಗುವುದಿಲ್ಲ, ಪೆರುವಿನ ಕಾಡಿಗೆ ಹೋಗಿಬಿಡುತ್ತಾರೆ. ಆದರೂ 1974ರ ಚಳಿಯಲ್ಲಿ ಮ್ಯೂನಿಕ್‌ನಿಂದ ಪ್ಯಾರಿಸ್‌ಗೆ ಕಾಲ್ನಡಿಗೆಯಲ್ಲಿ ಹೋದದ್ದು ಯಾಕೆ? ಲೊಟ್ಟೆ ಐಸ್ನರ್ ಕಾಯಿಲೆ ಬಿದ್ದಿದ್ದರು. 1933ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೋದ ಯಹೂದಿ ವಿಮರ್ಶಕಿ ಆಕೆ. ಹಳೆಯ ಜರ್ಮನ್ ಸಿನಿಮಾವನ್ನು ಮನಸ್ಸಿನಲ್ಲಿ ಉಳಿಸಿಕೊಂಡವರು. ನಾನು ನಡೆದು ಹೋದರೆ ಆಕೆ ಸಾಯುವುದಿಲ್ಲ ಅಂತ ಇವರ ಹರಕೆ. ಅಪ್ಪಂದಿರನ್ನು ತಿರಸ್ಕರಿಸಿದವರಿಗೆ ಅಜ್ಜಿಯೊಬ್ಬಳ ಆಶೀರ್ವಾದ ಬೇಕಿತ್ತು.

ಫಾಸ್‌ಬಿಂಡರ್ ಬಗ್ಗೆ ಯಾಕೆ ಇಷ್ಟು ಮಾತು?

ಆತ ಅಳಿಸುತ್ತಾನೆ, ಅದೇ ಸಮಯಕ್ಕೆ ಯಾಕೆ ಅಳುತ್ತಿದ್ದೀಯ ಅಂತ ಕೇಳುತ್ತಾನೆ. ಬೇರೆಯವರು ಭಾವುಕತೆಯನ್ನು ದೂರ ಇಟ್ಟರೆ ಈತ ಅದನ್ನೇ ಅಪ್ಪಿಕೊಂಡ. ಇದಕ್ಕೆ ಗುರು ಡಗ್ಲಸ್ ಸರ್ಕ್. 1937ರಲ್ಲಿ ಜರ್ಮನಿ ಬಿಟ್ಟು ಹಾಲಿವುಡ್ ಸೇರಿ ಕಣ್ಣೀರಿನ ಚಿತ್ರಗಳನ್ನು ಮಾಡಿದ ನಿರ್ದೇಶಕ. 37 ವರ್ಷಕ್ಕೆ, 1982ರಲ್ಲಿ ಸಾಯುವಷ್ಟರಲ್ಲಿ ಫಾಸ್‌ಬಿಂಡರ್ ನಲವತ್ತಕ್ಕೂ ಹೆಚ್ಚು ಚಿತ್ರ ಮುಗಿಸಿದ್ದ. ಬರ್ಲಿನ್‌ನ ಸಿನಿಮಾ ಶಾಲೆ ಅವನನ್ನು ಸೇರಿಸಿಕೊಂಡೇ ಇರಲಿಲ್ಲ.

1974ರ 'ಅಲಿ' ನೋಡಿ. ಜರ್ಮನ್ ಹೆಸರು 'ಆಂಗ್ಸ್ಟ್ ಎಸ್ಸೆನ್ ಝೇಲೆ ಔಫ್'. ವ್ಯಾಕರಣ ತಪ್ಪಿದ ಜರ್ಮನ್ ಅದು. ಭಯ ಆತ್ಮ ತಿನ್ನು, ಅನ್ನುವ ಹಾಗೆ. ವಲಸೆ ಕೂಲಿಯ ಬಾಯಲ್ಲಿ ಬರುವ ಭಾಷೆಯನ್ನೇ ಹೆಸರಾಗಿ ಇಟ್ಟಿದ್ದಾನೆ. ಅರವತ್ತರ ಆಸುಪಾಸಿನ, ಕಸ ಗುಡಿಸುವ ಕೆಲಸದ ವಿಧವೆ ಎಮ್ಮಿ, ಮೊರಾಕೊದಿಂದ ಬಂದ ಮೆಕ್ಯಾನಿಕ್ ಅಲಿ, ಇಬ್ಬರೂ ಮದುವೆಯಾಗುತ್ತಾರೆ. ಮಕ್ಕಳು, ನೆರೆಮನೆಯವರು, ಅಂಗಡಿಯವ ಎಲ್ಲ ಮುಖ ತಿರುಗಿಸುತ್ತಾರೆ. ಒಬ್ಬ ಮಗ ಟಿವಿಯನ್ನೇ ಒದ್ದು ಒಡೆಯುತ್ತಾನೆ. ಮದುವೆಯ ದಿನ ಊಟಕ್ಕೆ ಅವಳು ಅವನನ್ನು ಕರೆದುಕೊಂಡು ಹೋಗುವುದು ಹಿಟ್ಲರ್ ಬರುತ್ತಿದ್ದ ಹೋಟೆಲಿಗೆ. ಎಷ್ಟೋ ದಿನದ ಆಸೆ ತೀರಿತು ಅನ್ನುವ ಹಾಗೆ ಹೇಳುತ್ತಾಳೆ. ತಾನೂ ಹಿಟ್ಲರನ ಪಾರ್ಟಿಯಲ್ಲಿದ್ದೆ, ಎಲ್ಲರೂ ಇದ್ದರಲ್ಲ ಅನ್ನುತ್ತಾಳೆ. ನಮಗೆ ಆಕೆಯ ಮೇಲೆ ಪ್ರೀತಿ ಬಂದಾಗಿದೆ, ಈಗ ಏನು ಮಾಡುವುದು? ಇದನ್ನೇ ನಾನು ರಾಜಕೀಯ ಸಿನಿಮಾ ಅನ್ನುತ್ತೇನೆ. ಬಾಗಿಲ ಚೌಕಟ್ಟು, ಮೆಟ್ಟಿಲು, ಕಿಟಕಿ, ಇವುಗಳ ನಡುವೆ ಇಬ್ಬರನ್ನೂ ಸಿಕ್ಕಿಸಿ ದೂರದಿಂದ ನೋಡುತ್ತದೆ ಕ್ಯಾಮೆರಾ. ನೆರೆಮನೆಯವರ ಕಣ್ಣು ಅದು.

ಇನ್ನೊಂದು, 1979ರ 'ಮರಿಯಾ ಬ್ರೌನಳ ಮದುವೆ'. ಇದರಲ್ಲಿ ರೇಡಿಯೋಗೆ ಕಿವಿ ಕೊಡಿ. ಸೈನ್ಯ ಕಟ್ಟುವುದಿಲ್ಲ ಅಂತ ಮೊದಲು ಹೇಳುವ ಚಾನ್ಸಲರ್ ಅಡೆನೌವರ್, ಆಮೇಲೆ ಕಟ್ಟುತ್ತೇವೆ ಅನ್ನುತ್ತಾನೆ. ಪಾತ್ರಗಳು ಊಟ ಮಾಡುತ್ತಾ ಇರುತ್ತವೆ. ಕೊನೆಯಲ್ಲಿ 1954ರ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನ ಕಾಮೆಂಟರಿ. ಜರ್ಮನಿ ಗೆಲ್ಲುತ್ತದೆ, ಅದೇ ಹೊತ್ತಿಗೆ ಮನೆ ಸ್ಫೋಟವಾಗುತ್ತದೆ. ಆಮೇಲೆ ಚಾನ್ಸಲರ್‌ಗಳ ಚಿತ್ರಗಳು ನೆಗೆಟಿವ್‌ನಲ್ಲಿ ಬರುತ್ತವೆ. ವಿಲ್ಲಿ ಬ್ರಾಂಟ್ ಒಬ್ಬರದು ಇಲ್ಲ. ನಾಜಿಗಳ ವಿರುದ್ಧ ದೇಶ ಬಿಟ್ಟು ಹೋಗಿದ್ದವರು ಆ ಸಾಲಿನಲ್ಲಿ ಅವರೊಬ್ಬರೇ.

1977ರ ಭಯೋತ್ಪಾದನೆಗೂ ಸಿನಿಮಾಗೂ ಏನು ಸಂಬಂಧ?

ಹತ್ತಿರದ ಸಂಬಂಧ. ಬರ್ಲಿನ್ ಸಿನಿಮಾ ಶಾಲೆ 1966ರಲ್ಲಿ ಶುರುವಾಯಿತು. ಮೊದಲ ತಂಡದಲ್ಲಿ ಹಾರುನ್ ಫರೋಕಿ, ಹೊಲ್ಗರ್ ಮೈನ್ಸ್, ವೋಲ್ಫ್‌ಗಾಂಗ್ ಪೀಟರ್ಸನ್ ಇದ್ದರು. 1968ರಲ್ಲಿ ಪ್ರತಿಭಟನೆ ಮಾಡಿದ 18 ವಿದ್ಯಾರ್ಥಿಗಳನ್ನು ಹೊರಹಾಕಿದರು. ಫರೋಕಿ ಪ್ರಬಂಧದಂಥ ಚಿತ್ರಗಳ ದೊಡ್ಡ ಹೆಸರಾದರು. ಪೀಟರ್ಸನ್ 'ದಾಸ್ ಬೂಟ್' ಮಾಡಿ ಹಾಲಿವುಡ್‌ಗೆ ಹೋದರು. ಮೈನ್ಸ್ ಎಡಪಂಥೀಯ ಉಗ್ರರ ಗುಂಪಾದ ಕೆಂಪು ಸೇನಾ ಬಣ ಸೇರಿ, 1974ರಲ್ಲಿ ಜೈಲಿನಲ್ಲಿ ಉಪವಾಸದಿಂದ ಸತ್ತರು. ಒಂದೇ ಕ್ಲಾಸು, ಮೂರು ದಾರಿ.

1977ರ ಶರತ್ಕಾಲದಲ್ಲಿ ಇದೇ ಬಣದಿಂದ ಉದ್ಯಮಿ ಶ್ಲೈಯರ್ ಅಪಹರಣ, ಅಪಹರಿಸಿದ ವಿಮಾನವೊಂದನ್ನು ಮೊಗಾದಿಶುವಿನಲ್ಲಿ ಬಿಡಿಸಿದ ಕಾರ್ಯಾಚರಣೆ, ಅದೇ ರಾತ್ರಿ ಜೈಲಿನಲ್ಲಿ ಬಣದ ನಾಯಕರ ಸಾವು, ಆಮೇಲೆ ಶ್ಲೈಯರ್ ಕೊಲೆ. ನಿರ್ದೇಶಕರು ಸೇರಿ ತಿಂಗಳುಗಳಲ್ಲೇ 'ಶರತ್ಕಾಲದಲ್ಲಿ ಜರ್ಮನಿ' ಮಾಡಿದರು. ಫಾಸ್‌ಬಿಂಡರ್ ತನ್ನ ಅಡುಗೆಮನೆಯಲ್ಲಿ ತಾಯಿಯ ಜೊತೆ ಜಗಳ ಆಡುತ್ತಾನೆ. ನಿನಗೆ ಎಂಥ ಆಡಳಿತ ಬೇಕು ಅಂತ ಕೆದಕುತ್ತಾನೆ. ಒಳ್ಳೆಯವನಾದ, ಮೃದುವಾದ ಒಬ್ಬ ಸರ್ವಾಧಿಕಾರಿ ಇದ್ದರೆ ಚೆನ್ನ ಅನ್ನುತ್ತಾಳೆ ಅಮ್ಮ. ಅದೇ ಚಿತ್ರದಲ್ಲಿ ಇನ್ನೊಂದು ಹೊಲಿಗೆ ಇದೆ. ಸತ್ತ ಉಗ್ರರನ್ನು ಸ್ಟುಟ್‌ಗಾರ್ಟ್‌ನಲ್ಲಿ ಹೂಳಲು ಬಿಟ್ಟ ಮೇಯರ್ ಮಾನ್‌ಫ್ರೆಡ್ ರೊಮೆಲ್. 1944ರಲ್ಲಿ ಹಿಟ್ಲರ್ ಬಲವಂತದಿಂದ ವಿಷ ಕುಡಿದು ಸತ್ತ ಸೇನಾಪತಿಯ ಮಗ. ಅಪ್ಪನ ಸರ್ಕಾರಿ ಅಂತ್ಯಕ್ರಿಯೆಯಲ್ಲಿ ನಿಂತ ಆ ಹುಡುಗನನ್ನೂ ಚಿತ್ರ ತೋರಿಸುತ್ತದೆ.

ಹೆಂಗಸರು ಎಲ್ಲಿದ್ದರು?

ಇದ್ದರು, ದುಡ್ಡು ಸಿಗಲು ತಡವಾಯಿತು. 1974ರಲ್ಲಿ ಹೆಲ್ಕೆ ಸಾಂಡರ್ 'ಹೆಂಗಸರು ಮತ್ತು ಸಿನಿಮಾ' ಅನ್ನುವ ಪತ್ರಿಕೆ ಶುರು ಮಾಡಿದರು. ಅವರ 1978ರ ಚಿತ್ರದಲ್ಲಿ ಒಬ್ಬಂಟಿ ತಾಯಿ, ಫೋಟೋಗ್ರಾಫರ್, ಗೋಡೆಯ ಪಕ್ಕ ಬದುಕುತ್ತಾಳೆ. ಗೋಡೆಯ ಎರಡೂ ಕಡೆ ಒಂದೇ ಥರ ಇದೆಯಲ್ಲ ಅಂತ ಫೋಟೋ ತೆಗೆದದ್ದಕ್ಕೆ ಕೆಲಸ ಕೊಟ್ಟವರಿಗೆ ಇರುಸುಮುರುಸು. ಮಾರ್ಗರೆಟೆ ಫಾನ್ ಟ್ರೋಟಾ ಅವರ 'ಸೀಸದ ಕಾಲ' 1981ರಲ್ಲಿ ವೆನಿಸ್‌ನ ಚಿನ್ನದ ಸಿಂಹ ಗೆದ್ದಿತು. ಬಂದೂಕು ಹಿಡಿದ ತಂಗಿ, ಹಿಡಿಯದ ಅಕ್ಕ. ಹಿಂಸೆಯ ಬಗ್ಗೆ ಬಂದ ಚಿತ್ರಗಳಲ್ಲಿ ನನಗೆ ಅತಿ ಪ್ರಾಮಾಣಿಕ ಅನ್ನಿಸಿದ್ದು ಇದು.

ಪೂರ್ವ ಜರ್ಮನಿಯ ಸಿನಿಮಾ ಬರೀ ಪ್ರಚಾರ ಅಲ್ವಾ?

ಅಲ್ಲ. ಡೆಫಾ ಸುಮಾರು 700 ಕಥಾಚಿತ್ರ ಮಾಡಿತು. ಕೆಟ್ಟವು ಬಹಳ ಕೆಟ್ಟವು. ಕಾನ್ರಾಡ್ ವೋಲ್ಫ್, ಫ್ರಾಂಕ್ ಬೈಯರ್, ಹೈನರ್ ಕಾರೋ ಅವರ ಕೆಲಸ ಯಾವ ದೇಶದ ಪಕ್ಕ ಇಟ್ಟರೂ ನಿಲ್ಲುತ್ತದೆ. ವೋಲ್ಫ್‌ನ 'ಆಗ ನನಗೆ ಹತ್ತೊಂಬತ್ತು' ಅವನದೇ ಕಥೆ. ಮಾಸ್ಕೋದಲ್ಲಿ ಬೆಳೆದ ಜರ್ಮನ್ ಹುಡುಗ ಸೋವಿಯತ್ ಸಮವಸ್ತ್ರ ತೊಟ್ಟು ತನ್ನ ದೇಶಕ್ಕೇ ಬರುತ್ತಾನೆ. ಅವನ ಅಣ್ಣ ಮಾರ್ಕುಸ್ ಪೂರ್ವದ ವಿದೇಶಿ ಬೇಹುಗಾರಿಕೆಯ ಮುಖ್ಯಸ್ಥ ಆಗಿದ್ದ.

1965ರ ಡಿಸೆಂಬರ್‌ನಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಸಭೆಯೊಂದು ಹೆಚ್ಚುಕಡಿಮೆ ಇಡೀ ವರ್ಷದ ಚಿತ್ರಗಳನ್ನು ಕಪಾಟಿಗೆ ತಳ್ಳಿತು. ಸುಮಾರು ಹನ್ನೆರಡು. ಕುರ್ಟ್ ಮೆಟ್ಸಿಗ್‌ನ 'ಮೊಲ ನಾನೇ' ಅವುಗಳಲ್ಲಿ ಒಂದು, ಹಾಗಾಗಿ ಎಲ್ಲಕ್ಕೂ ಮೊಲದ ಚಿತ್ರಗಳು ಅಂತ ಅಡ್ಡಹೆಸರು ಬಿತ್ತು. ಬೈಯರ್‌ನ 'ಕಲ್ಲುಗಳ ಜಾಡು' 1966ರಲ್ಲಿ ಮೂರೇ ದಿನ ಓಡಿತು. ಥಿಯೇಟರಿಗೆ ಪಕ್ಷವೇ ಜನ ಕಳಿಸಿ ಗಲಾಟೆ ಮಾಡಿಸಿತು, ಆಮೇಲೆ ಜನರಿಗೆ ಇಷ್ಟವಿಲ್ಲ ಅಂತ ತೆಗೆಸಿತು. ಈ ಉಪಾಯ ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ನಾನು ಹೊಣೆಯಲ್ಲ. ಅದು ಮತ್ತೆ ಪರದೆಗೆ ಬರಲು ಗೋಡೆ ಬೀಳಬೇಕಾಯಿತು.

ಯಹೂದಿಗಳ ಹತ್ಯೆ ಬಗ್ಗೆ ಮಾತಾಡಲು ಯಾಕೆ ಅಷ್ಟು ತಡ?

ಶುರುವಿನಲ್ಲೇ ಮಾತಾಡಿದವರು ಇದ್ದರು. ಮೆಟ್ಸಿಗ್‌ನ 1947ರ 'ನೆರಳಲ್ಲಿ ದಾಂಪತ್ಯ' ಬರ್ಲಿನ್‌ನ ನಾಲ್ಕೂ ಭಾಗಗಳಲ್ಲಿ ಒಂದೇ ದಿನ ಬಿಡುಗಡೆಯಾಯಿತು. ಯಹೂದಿ ಹೆಂಡತಿಯನ್ನು ಬಿಡಲೊಪ್ಪದೆ ಅವಳ ಜೊತೆ ಸತ್ತ ನಟನ ನಿಜ ಕಥೆ. ಜನ ಅತ್ತರು. 1948ರಲ್ಲಿ, ನಾಜಿಗಳಿಂದ ಬದುಕುಳಿದ ಪೋಲೆಂಡ್‌ನ ಯಹೂದಿ ಆರ್ಟುರ್ ಬ್ರೌನರ್ ಪಶ್ಚಿಮದಲ್ಲಿ 'ಮೊರಿಟುರಿ' ನಿರ್ಮಿಸಿದ. ನೆಲ ಕಚ್ಚಿತು. ಆ ಸಾಲ ತೀರಿಸಲು ಹಾಡು ಕುಣಿತದ ಚಿತ್ರ ಮಾಡಬೇಕಾಯಿತು. ಮಾರುಕಟ್ಟೆ ಹೇಳಿದ್ದನ್ನು ಎಲ್ಲ ನಿರ್ಮಾಪಕರೂ ಕೇಳಿಸಿಕೊಂಡರು.

1979ರ ಜನವರಿಯಲ್ಲಿ 'ಹೋಲೋಕಾಸ್ಟ್' ಅನ್ನುವ ಅಮೆರಿಕನ್ ಧಾರಾವಾಹಿ ಟಿವಿಯಲ್ಲಿ ಬಂತು. ವಿಮರ್ಶಕರು ಅಗ್ಗದ ಕಣ್ಣೀರು ಅಂದರು. ಮನೆಮನೆಯಲ್ಲಿ ಮಕ್ಕಳು ಅಪ್ಪ ಅಮ್ಮನನ್ನು ಪ್ರಶ್ನೆ ಕೇಳಿದರು. ಓಬರ್‌ಹೌಸನ್‌ನಿಂದ ಶುರುವಾದ ಹದಿನೇಳು ವರ್ಷದ ಹೊಸ ಅಲೆ ಮಾಡದ ಕೆಲಸವನ್ನು ಅಗ್ಗದ ಧಾರಾವಾಹಿ ನಾಲ್ಕು ರಾತ್ರಿಯಲ್ಲಿ ಮಾಡಿತು ಅನ್ನೋದು ಹೊಸ ಅಲೆಯ ಅಭಿಮಾನಿಯಾದ ನನಗೆ ನುಂಗಲಾರದ ತುತ್ತು. ಎಡ್ಗರ್ ರೈಟ್ಸ್ ಸಿಟ್ಟಾದರು, ಅಮೆರಿಕನ್ನರು ನಮ್ಮ ಇತಿಹಾಸ ಕಿತ್ತುಕೊಂಡರು ಅಂತ. ಉತ್ತರವಾಗಿ 1984ರಲ್ಲಿ ಹನ್ನೊಂದು ಭಾಗದ 'ಹೈಮಾಟ್' ಮಾಡಿದರು. ಒಂದು ಹಳ್ಳಿ, ಒಂದು ಮನೆತನ, ಹದಿನೈದು ಗಂಟೆಗೂ ಹೆಚ್ಚು. ಅದ್ಭುತವಾಗಿದೆ. ಆದರೆ ಆ ಹಳ್ಳಿಯಲ್ಲಿ ಯಹೂದಿಗಳು ಕಾಣುವುದೇ ಇಲ್ಲ ಅನ್ನುವ ಆಕ್ಷೇಪವೂ ನಿಜ.

ಭಾರತಕ್ಕೆ, ಕರ್ನಾಟಕಕ್ಕೆ ಏನಾದರೂ ಕೊಂಡಿ ಇದೆಯಾ?

ಒಂದು ವಿಚಿತ್ರ ಕೊಂಡಿ ಇದೆ. ಇದೇ ಬ್ರೌನರ್ 1950ರ ದಶಕದಲ್ಲಿ ಹಳೆಯ ಜರ್ಮನ್ ನಿರ್ದೇಶಕ ಫ್ರಿಟ್ಸ್ ಲಾಂಗ್ ಅವರನ್ನು ಅಮೆರಿಕದಿಂದ ಕರೆಸಿದ. ಲಾಂಗ್ ಉದಯಪುರದಲ್ಲಿ ಶೂಟಿಂಗ್ ಮಾಡಿ 1959ರಲ್ಲಿ 'ಎಶ್ನಾಪುರದ ಹುಲಿ', 'ಭಾರತದ ಗೋರಿ' ಅನ್ನುವ ಜೋಡಿ ಚಿತ್ರ ಕೊಟ್ಟರು. ಮಹಾರಾಜ, ನರ್ತಕಿ, ಹುಲಿ, ಎಲ್ಲ ಇದೆ. ನಮಗೆ ನೋಡಿದರೆ ನಗು ಬರುತ್ತದೆ. ಮೂಲ ಕಾದಂಬರಿ ಬರೆದವರು ಲಾಂಗ್ ಅವರ ಮಾಜಿ ಹೆಂಡತಿ ತೇಯಾ ಫಾನ್ ಹಾರ್ಬೂ. ಲಾಂಗ್ ದೇಶ ಬಿಟ್ಟರು, ಆಕೆ ಉಳಿದು ನಾಜಿ ಪಕ್ಷ ಸೇರಿದರು. ಅದೇ ಆಕೆ ಗುಟ್ಟಾಗಿ ಮದುವೆಯಾದದ್ದು ಭಾರತೀಯ ಪತ್ರಕರ್ತ ಅಯಿ ತೆಂಡೂಲ್ಕರ್ ಅವರನ್ನು. ಆತ ಊರಿಗೆ ಮರಳಿ ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದವರು.

ಇನ್ನು ಮ್ಯಾಕ್ಸ್‌ಮುಲ್ಲರ್ ಭವನ. ಗಯಟೆ ಸಂಸ್ಥೆಗೆ ಭಾರತದಲ್ಲಿ ಇರುವ ಹೆಸರು ಅದು, ಬೆಂಗಳೂರಿನಲ್ಲೂ ಇದೆ. ನಮ್ಮ ಫಿಲ್ಮ್ ಸೊಸೈಟಿಗಳ ಕಾಲದಲ್ಲಿ ಜರ್ಮನ್ ಚಿತ್ರಗಳ ಪ್ರಿಂಟು ಸಿಗುವ ಜಾಗ ಇದೇ ಆಗಿತ್ತು.

ಸರಿ, ಎಲ್ಲಿಂದ ಶುರು ಮಾಡಲಿ?

'ಅಲಿ'ಯಿಂದ. ಒಂದೂವರೆ ಗಂಟೆ, ಯಾರಿಗೂ ಅರ್ಥವಾಗುತ್ತದೆ. ಆಮೇಲೆ 'ಕೊಲೆಗಾರರು ನಮ್ಮ ನಡುವೆಯೇ ಇದ್ದಾರೆ', ಅದಾದ ಮೇಲೆ 'ಕಲ್ಲುಗಳ ಜಾಡು'. ಇವು ಮೂರೂ ಹಿಡಿಸಿದರೆ ಮಾತ್ರ ಕ್ಲೂಗೆ ಹತ್ತಿರ ಹೋಗಿ.

ಕೊನೆಯದಾಗಿ ಹೈನರ್ ಕಾರೋನ 'ಕಮಿಂಗ್ ಔಟ್' ಇಟ್ಟುಕೊಳ್ಳಿ. ಸಲಿಂಗ ಪ್ರೇಮದ ಬಗ್ಗೆ ಡೆಫಾ ಮಾಡಿದ ಮೊದಲ ಕಥಾಚಿತ್ರ. ಒಪ್ಪಿಗೆಗೆ ವರ್ಷಗಟ್ಟಲೆ ಕಾದು, ಕೊನೆಗೆ ಪೂರ್ವ ಬರ್ಲಿನ್‌ನ ಕೀನೋ ಇಂಟರ್‌ನಾಷನಲ್‌ನಲ್ಲಿ ಮೊದಲ ಪ್ರದರ್ಶನ ನಿಗದಿಯಾಯಿತು. ತಾರೀಖು 1989ರ ನವೆಂಬರ್ 9, ಸಂಜೆ. ಸಿನಿಮಾ ಮುಗಿಸಿ ಜನ ಹೊರಗೆ ಬರುವಷ್ಟರಲ್ಲಿ ಊರೆಲ್ಲ ಗೋಡೆಯ ಕಡೆ ಹೊರಟಿತ್ತು.